ಸೀರೆಯಲ್ಲಿ ಕಂಡ ತಿಂಡಿ

ಮೊಳಕಾಲ್ಮೂರಿನ ನೇಕಾರ ಕೆಂಚಣ್ಣನಿಗೂ ಅವನ ಮಗ್ಗಕ್ಕೂ ನಡುವೆ ಬಂದು ಕೂತದ್ದು ಬೇರೆ ಯಾರೂ ಅಲ್ಲ, ಅವನದೇ ಹೊಟ್ಟೆ.

ಅವನದು ಗುಂಡಿ ಮಗ್ಗ. ನೆಲದಲ್ಲಿ ಮೊಣಕಾಲಾಳದ ಗುಂಡಿ ತೋಡಿರುತ್ತಾರೆ. ನೇಕಾರ ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯಬೇಕು, ಲಾಳಿ ಓಡಿಸಬೇಕು, ಒಂದೊಂದು ಎಳೆ ಹಾಯ್ದಾಗಲೂ ಹಣಿಗೆಯನ್ನು ತನ್ನ ಕಡೆಗೆ ಎಳೆದು ಬಡಿಯಬೇಕು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ಸರಿಯಾಗಿ ಹೊಕ್ಕುಳಿನ ಎದುರಿಗೆ ಇರುತ್ತದೆ. ಈ ಮಗ್ಗವನ್ನು ಹೂಡಿದವನು ಕೆಂಚಣ್ಣನ ಮುತ್ತಾತ. ನೇಕಾರನಿಗೂ ಒಂದು ದಿನ ಹೊಟ್ಟೆ ಬರುತ್ತದೆ ಎಂಬುದು ಆ ಪುಣ್ಯಾತ್ಮನ ಕನಸಿನಲ್ಲೂ ಇರಲಿಲ್ಲ. ಈಗ ಕೆಂಚಣ್ಣ ಗುಂಡಿಯಲ್ಲಿ ಕೂತರೆ ದಿಂಡು ಹೊಟ್ಟೆಯನ್ನು ಒತ್ತುತ್ತಿತ್ತು. ಒತ್ತಿದರೆ ಹಿಂದೆ ಸರಿಯಬೇಕು, ಹಿಂದೆ ಸರಿದರೆ ಕೈ ಮೋಟಾಗುತ್ತದೆ, ಕೈ ಮೋಟಾದರೆ ಬಡಿತ ಸಡಿಲ.

ಇದನ್ನು ಕಂಡುಹಿಡಿದವನು ಬಾಲರಾಜ್. ನೇಕಾರರ ಮನೆಮನೆಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾವ್ಕಾರ. ಒಂದು ದಿನ ಅವನು ಕೆಂಚಣ್ಣನ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಉಗುರು ಆಡಿಸುತ್ತಾ ಸೆರಗಿನಿಂದ ಶುರು ಮಾಡಿದ.

"ಇಲ್ಲಿಂದ ಇಲ್ಲೀವರೆಗೂ ಉಪ್ಪಿಟ್ಟು. ಈ ಅರ್ಧ ಮೊಳ ಐತಲ್ಲ, ಇದು ಮಿರ್ಚಿ ಮಂಡಕ್ಕಿ. ನೋಡು, ಎಳೆ ಎಳೆಗೂ ಗಾಳಿ ಆಡ್ತೈತೆ. ಇಲ್ನೋಡು, ಈ ಒಂದು ಗೇಣು ಏನ್ ಬಿಗಿ, ಏನ್ ಬಿಗಿ! ಇದು ಸ್ವಾಮಾರ. ಅವತ್ತು ಒಪ್ಪತ್ತು ಇದ್ದೆ, ಹೌದಾ?"

ಕೆಂಚಣ್ಣ ಬೆರಗಾದ. ಅವತ್ತು ಸೋಮವಾರವೇ, ಅವನು ಒಪ್ಪತ್ತೇ ಇದ್ದ.

"ನಿನ್ ಹೊಟ್ಟೆಗೆ ಹೋಗಿದ್ದನ್ನೆಲ್ಲ ಮದುವೆ ಹೆಣ್ಣು ಉಟ್ಕಂಡು ತಿರುಗ್ಬೇಕೇನಲೇ?" ಬಾಲರಾಜ್ ಸೀರೆ ಮಡಿಸಿದ. "ಇನ್ನೊಂದು ಸೀರೆ ನೋಡ್ತೀನಿ. ಸಮ ಬಂದಿಲ್ಲ ಅಂದ್ರೆ ರೇಷ್ಮೆ ಬ್ಯಾರೆ ಮನೆಗೆ ಹೋಗ್ತೈತೆ."

ಅವನು ಹೋದ ಮೇಲೆ ಕೆಂಚಣ್ಣ ತುಂಬ ಹೊತ್ತು ಗುಂಡಿಯ ಅಂಚಿನಲ್ಲೇ ಕೂತಿದ್ದ. ಮುತ್ತಾತ, ತಾತ, ಅಪ್ಪ, ಎಲ್ಲರ ಕಾಲೂ ಇಳಿದ ಗುಂಡಿ. ಮಗ್ಗ ಬಿಟ್ಟ ಅವನ ದೊಡ್ಡಪ್ಪನ ಮಗ ಈಗ ಕುದಾಪುರದ ಯಾವುದೋ ಗೇಟಿನಲ್ಲಿ ನಿಂತು ಹೋಗಿಬರುವ ಕಾರುಗಳಿಗೆಲ್ಲ ಸಲಾಮು ಹೊಡೆಯುತ್ತಿದ್ದ. ಗುಂಡಿಯಲ್ಲಿ ಕೂತರೆ ತಾನು ನೇಕಾರ ಕೆಂಚಣ್ಣ, ಎದ್ದರೆ ಬರೀ ಒಂದು ಹೊಟ್ಟೆ. ಈ ಜಾಗ ಹೋದರೆ ತಾನು ಯಾರೂ ಅಲ್ಲ ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಗೆ ಹಸಿವಾಯಿತು. ಒಳಗೆ ಹೋಗಿ ಮಿಕ್ಕಿದ್ದ ಉಪ್ಪಿಟ್ಟನ್ನೂ ತಿಂದ.

ಚಳ್ಳಕೆರೆಯ ಕಾಲೇಜಿಗೆ ಹೋಗುತ್ತಿದ್ದ ಮಗಳು ಸೌಂದರ್ಯ ಅಪ್ಪನನ್ನು ಎಳೆದುಕೊಂಡು ಹೋಗಿ ಮಲ್ಲಿಕ್‌ನ ಮುಂದೆ ನಿಲ್ಲಿಸಿದಳು. ಮಲ್ಲಿಕ್‌ನ ಜಿಮ್ ಇದ್ದದ್ದು ಅದೇ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನ ಮಹಡಿಯಲ್ಲಿ. ಕೆಳಗೆ ಶೇಂಗಾ ಹಿಂಡುತ್ತಿದ್ದರು, ಮೇಲೆ ಮನುಷ್ಯರನ್ನು ಹಿಂಡುತ್ತಿದ್ದರು. ವಾಸನೆ ಮಾತ್ರ ಎರಡೂ ಕಡೆ ಒಂದೇ.

"ಬೆಳಿಗ್ಗೆ ಏನ್ ತಿಂತೀರಾ ಕಾಕಾ?"

"ಏನೂ ಇಲ್ಲಪ್ಪ, ಬರೀ ತಿಂಡಿ."

"ತಿಂಡಿ ಅಂದ್ರೆ?"

"ಎರಡು ಪ್ಲೇಟ್ ಒಗ್ಗರಣೆ ಮಂಡಕ್ಕಿ, ಮೂರು ಮಿರ್ಚಿ. ಇಲ್ಲ ಅಂದ್ರೆ ಒಂದ್ ಹತ್ತು ಇಡ್ಲಿ. ಮನೇಲಿ ಉಪ್ಪಿಟ್ಟಾದ್ರೆ ಎಣಿಸಾಕೆ ಬರಲ್ಲ ನೋಡು."

ಮಲ್ಲಿಕ್ ಬಿಪಿ, ಶುಗರ್, ಕಿಡ್ನಿ ಎಲ್ಲ ವಿಚಾರಿಸಿದ. ಆಮೇಲೆ ಹೇಳಿದ: "ಇದ್ರಲ್ಲಿ ಇರೋದೆಲ್ಲ ಹಿಟ್ಟು, ಎಣ್ಣೆ. ಪ್ರೋಟೀನ್ ಎಲ್ಲೈತೆ? ಬೆಳಿಗ್ಗೆ ಪ್ರೋಟೀನ್ ಬಿದ್ರೆ ಹೊಟ್ಟೆ ಮಧ್ಯಾಹ್ನದ ತನಕ ಸುಮ್ನಿರ್ತೈತೆ. ಹತ್ತು ಗಂಟೆಗೆ ಮತ್ತೆ ಬೋಂಡ ಕೊಡು ಅಂತ ಗಲಾಟೆ ಮಾಡಲ್ಲ." ಒಂದು ದೊಡ್ಡ ಡಬ್ಬಿ ಇಳಿಸಿದ. "ವೇ ಪ್ರೋಟೀನ್. ಹಾಲು ಒಡೆದಾಗ ಗಟ್ಟಿ ಬ್ಯಾರೆ, ನೀರು ಬ್ಯಾರೆ ಆಗ್ತೈತಲ್ಲ? ಆ ನೀರಿನ ಸಾರ ತೆಗೆದು ಪುಡಿ ಮಾಡಿರೋದು. ಬೆಳಿಗ್ಗೆ ಒಂದು ಅಳತೆ ನೀರಿಗೆ ಹಾಕ್ಕಂಡು ಕುಡೀರಿ, ಜೊತೆಗೆ ಸಣ್ಣ ತಿಂಡಿ. ತಿಂಡಿ ಎಲ್ಲಾ ತಿಂದು ಅದರ ಮ್ಯಾಲೆ ಅಲ್ಲ ಮತ್ತೆ! ದಿನಾ ಒಂದ್ ಗಂಟೆ ನಡೀರಿ. ಈ ಡಬ್ಬಿಯಾಗೆ ದೇವ್ರು ಇಲ್ಲ ಕಾಕಾ, ಖರೇನೇ ಹೇಳ್ತೀನಿ."

ಡಬ್ಬಿಯ ಮೇಲೆ ಒಬ್ಬ ಗಂಡಸು ಅಂಗಿ ಇಲ್ಲದೆ ನಿಂತಿದ್ದ. ಅವನ ಹೊಟ್ಟೆ ಇಟ್ಟಿಗೆ ಜೋಡಿಸಿದ ಹಾಗಿತ್ತು. ಕೆಂಚಣ್ಣ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದ.

ಹೆಂಡತಿ ಹೊನ್ನಕ್ಕ ಮಗ್ಗದ ಪಕ್ಕದಲ್ಲಿ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಈ ಮನೆಯಲ್ಲಿ ಹೆಂಗಸರ ಕೆಲಸ ಅದು. ಕೊಂಡ್ಲಹಳ್ಳಿಯ ತವರಿನಲ್ಲಿ ಅವಳು ಮದುವೆಗೆ ಮುಂಚೆ ಅಪ್ಪನ ಮಗ್ಗದಲ್ಲಿ ಸೀರೆ ನೇಯ್ದವಳು. ಆದರೆ ಇಲ್ಲಿ ಹೆಂಗಸರು ಗುಂಡಿಗೆ ಇಳಿಯಬಾರದು ಎಂದು ಮಾವ ಕಟ್ಟು ಮಾಡಿದ್ದ. ಮಾವ ಸತ್ತು ಹದಿನಾಲ್ಕು ವರ್ಷವಾಗಿತ್ತು, ಕಟ್ಟು ಸತ್ತಿರಲಿಲ್ಲ.

ಪುಡಿಯ ಮಹಿಮೆಯನ್ನು ಅವಳು ಪೂರ್ತಿ ಕೇಳಿಸಿಕೊಂಡಳು. "ಒಡೆದ ಹಾಲಿನ ನೀರಾ? ನಮ್ಮವ್ವ ಅದನ್ನ ಕಲಗಚ್ಚಿಗೆ ಸುರೀತಿದ್ಲು ಕಣ್ರಿ. ಎಮ್ಮೆ ಕುಡ್ದು ದಪ್ಪ ಆಗ್ತಿತ್ತು. ನೀವು ಕುಡ್ದು ತೆಳ್ಳಗಾಗ್ತೀರಾ? ಎಷ್ಟು ಕೊಟ್ರಿ ಇದಕ್ಕೆ?"

ಕೆಂಚಣ್ಣನಿಗೆ ಆಗಲೇ ಕೆಮ್ಮು ಬಂತು. ಆ ಕೆಮ್ಮು ಅವಳು ಬೇರೆ ಮಾತು ತೆಗೆಯುವವರೆಗೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಹೊನ್ನಕ್ಕ ಪುಡಿ ಕಲಸಿ ಲೋಟ ಕೈಗಿಟ್ಟಳು. ಅವನು ಎರಡು ಗುಟುಕು ಕುಡಿದ. ಸುಣ್ಣದ ನೀರಿಗೆ ಚಾಕೊಲೇಟ್ ತೋರಿಸಿದ ಹಾಗಿತ್ತು. "ನಡೆದು ಬಂದು ಕುಡೀತೀನಿ" ಎಂದು ಲೋಟವನ್ನು ಕಿಟಕಿಯಲ್ಲಿಟ್ಟು ವಾಕಿಂಗ್ ಹೊರಟ. ಹೊಸ ಬೂಟು ಹಾಕಿದ್ದ. ಬೂಟು ಬಸ್ ಸ್ಟ್ಯಾಂಡಿನ ತನಕ ಸರಿಯಾಗಿಯೇ ನಡೆದವು. ಅಲ್ಲಿ ಮೂಗಮ್ಮನ ತಳ್ಳುಗಾಡಿಯ ಬಾಣಲೆಯಲ್ಲಿ ಮಿರ್ಚಿ ತೇಲುತ್ತಿದ್ದವು.

ಮೂಗಮ್ಮನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. "ರಾ ರಾ ಕೆಂಚಣ್ಣಾ, ವೇಡಿ ಉಂದಿ. ಬಿಸಿ ಇರೋವಾಗ್ಲೇ ತಗ. ಏನು ಬೂಟು ಗೀಟು?"

"ತೂಕ ಇಳಿಸ್ತಿದೀನಿ ಮೂಗಮ್ಮ."

"ಹಂಗಾದ್ರೆ ಇನ್ನೊಂದು ತಿನ್ನು. ಇಳಿಸಾಕೆ ಶಕ್ತಿ ಬೇಕು."

ಅದೂ ನ್ಯಾಯವೇ ಅನ್ನಿಸಿತು. ಒಂಬತ್ತು ಗಂಟೆಗೆ ಮನೆಗೆ ಬಂದರೆ ಲೋಟ ಖಾಲಿ, ತೊಳೆದು ಬೋರಲು ಹಾಕಿತ್ತು. ಅವಳು ಚೆಲ್ಲಿರಬೇಕು ಎಂದುಕೊಂಡು ಅವನು ಬಾಯಿ ಬಿಡಲಿಲ್ಲ. ಕೇಳಿದರೆ ತಾನೂ ಒಂದೆರಡಕ್ಕೆ ಉತ್ತರ ಹೇಳಬೇಕಾಗುತ್ತಿತ್ತು. ಹೀಗೇ ನಡೆಯಿತು: ದಿನಾ ಎರಡು ಗುಟುಕು, ಕಿಟಕಿ, ಬೂಟು, ಮೂಗಮ್ಮ.

ಆದರೆ ಮಗ್ಗದಲ್ಲಿ ಏನೋ ಆಗುತ್ತಿತ್ತು. ಒಂಬತ್ತಕ್ಕೆ ಬಂದು ಕೂತರೆ ದಿಂಡಿನ ಮೇಲಿನ ಬಟ್ಟೆ ಒಂದಿಷ್ಟು ಬೆಳೆದ ಹಾಗೆ, ಅದೂ ನಿನ್ನೆ ತಾನು ನೇಯ್ದದ್ದೂ ಸೇರಿ ಬಿಗಿಯಾಗಿ, ಕನ್ನಡಿಯಂತೆ ಸಮವಾಗಿ. ನೇಕಾರನಿಗೆ ತಾನು ನಿನ್ನೆ ಎಲ್ಲಿಗೆ ಬಿಟ್ಟೆ ಎಂದು ಗೊತ್ತಿರುವುದಿಲ್ಲವೇ? ಗೊತ್ತಿರುತ್ತದೆ. ಆದರೆ ಸೋಮಾರಿಯ ತಲೆಗೆ ಪವಾಡವನ್ನು ನಂಬುವುದು ಸುಲಭ. ಎರಡು ಗುಟುಕು ಪುಡಿಗೇ ಕೈಗೆ ಇಷ್ಟು ಬಿಗಿ ಬಂತಲ್ಲ, ಪೂರ್ತಿ ಲೋಟ ಕುಡಿದರೆ ಮಗ್ಗವೇ ಮುರಿದೀತು ಎಂದು ಅವನು ಪಕ್ಕದ ಮನೆಯವರಿಗೂ ಹೇಳಿಕೊಂಡ.

ಅಮಾವಾಸ್ಯೆಯ ದಿನ ಮೂಗಮ್ಮ ಗಾಡಿ ಹಚ್ಚಿರಲಿಲ್ಲ. ಕೆಂಚಣ್ಣ ಬರಿಹೊಟ್ಟೆಯಲ್ಲಿ, ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡು, ಏಳೂಕಾಲಿಗೇ ವಾಪಸು ಬಂದ. ಬೀದಿಯ ತಿರುವಿನಲ್ಲೇ ಮಗ್ಗದ ಸದ್ದು ಕೇಳಿಸಿತು. ತನ್ನದೇ ಮಗ್ಗ. ಆದರೆ ಬಡಿತ ತನ್ನದಲ್ಲ. ಒಂದೇ ಅಳತೆಯ, ಆತುರವಿಲ್ಲದ ಬಡಿತ.

ಕಿಟಕಿಯಲ್ಲಿ ಇಣುಕಿದ. ಹೊನ್ನಕ್ಕ ಸೆರಗು ಸಿಕ್ಕಿಸಿಕೊಂಡು ಗುಂಡಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವನದೇ ಲೋಟ, ತಳದಲ್ಲಿ ಪುಡಿಯ ನೊರೆ. ಮಧ್ಯೆ ಒಮ್ಮೆ ಕೈ ನಿಲ್ಲಿಸಿ ನೇಯ್ದದ್ದರ ಮೇಲೆ ಅಂಗೈ ಆಡಿಸಿದಳು. ಆಗ ಅವಳ ಮುಖದಲ್ಲಿ ಇದ್ದದ್ದನ್ನು ಕೆಂಚಣ್ಣ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವಳು ಖುಷಿಯಾಗಿದ್ದಳು.

ಒಳಗೆ ಹೋಗಿ ಏನಾದರೂ ಅನ್ನಬೇಕಿತ್ತು. ಬೈಯಬೇಕಿತ್ತು, ಇಲ್ಲವೇ ಭೇಷ್ ಅನ್ನಬೇಕಿತ್ತು. ಕೆಂಚಣ್ಣ ಎರಡನ್ನೂ ಮಾಡಲಿಲ್ಲ. ಸದ್ದಾಗದ ಹಾಗೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸು ಹೋದ. ಬಾಲರಾಜನ ಸೀರೆ ಸಮ ಬರುತ್ತದೆ, ಗುಂಡಿ ಉಳಿಯುತ್ತದೆ, ಹೆಸರು ತನ್ನದೇ ಇರುತ್ತದೆ. ಸುಮ್ಮನಿದ್ದರೆ ಯಾರ ಗಂಟು ಹೋಗುತ್ತದೆ? ಅಂದಿನಿಂದ ಅವನು ಮಗ್ಗಕ್ಕೆ ಕೂರುವುದು ಕಮ್ಮಿಯಾಗಿ ವಾಕಿಂಗ್ ಉದ್ದವಾಯಿತು. ಮೊದಲು ಹತ್ತು ಗಂಟೆಯವರೆಗೆ, ಆಮೇಲೆ ಹನ್ನೊಂದರವರೆಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವನು ಊರೆಲ್ಲ ಸುತ್ತಿದ. ಹೊತ್ತು ಹೋಗಬೇಕಲ್ಲ, ಮೂಗಮ್ಮನ ಹತ್ತಿರ ಎರಡು ಸಲ ನಿಂತ.

ಸೀರೆ ಮುಗಿಯಿತು. ಬಾಲರಾಜ್ ಬೆಳಕಿಗೆ ಹಿಡಿದು ಸೆರಗಿನಿಂದ ಒಳಸೆರಗಿನವರೆಗೂ ಉಗುರು ಆಡಿಸಿದ. ಉಗುರು ಎಲ್ಲೂ ನಿಲ್ಲಲಿಲ್ಲ.

"ಇದರಲ್ಲಿ ತಿಂಡೀನೇ ಕಾಣಲ್ವಲ್ಲೋ! ಏನ್ ಮಾಡಿದೆ?"

"ಪ್ರೋಟೀನ್, ಸಾವ್ಕಾರ್ರೇ" ಎಂದ ಕೆಂಚಣ್ಣ, ಡಬ್ಬಿಯ ಗಂಡಸಿನ ಕಡೆ ಕೈ ತೋರಿಸಿ. ಹೊನ್ನಕ್ಕ ಕಂಡಿಕೆ ಸುತ್ತುತ್ತಾ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಕೆಂಚಣ್ಣನಿಗೆ ಒಳಗೆ ಎಲ್ಲೋ ಚುಚ್ಚಿತು. ಮಿರ್ಚಿಯ ಖಾರ ಇರಬೇಕು ಎಂದುಕೊಂಡ.

ಎಂಟು ದಿನಕ್ಕೆ ಬಾಲರಾಜ್ ಹೇಳದೆ ಕೇಳದೆ ಬಂದ. ಜೊತೆಯಲ್ಲಿ ಕುದಾಪುರದ ವಿಜ್ಞಾನ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಮಾಲತಿ ಎಂಬ ಹೆಂಗಸು, ಅವರ ಕೈಯಲ್ಲಿ ಅದೇ ಸೀರೆ. ತಂಗಿಯ ಮದುವೆಗೆ ಅಂಥದ್ದೇ ನಾಲ್ಕು ಬೇಕಂತೆ. ಆದರೆ ನೇಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ.

"ಇವನೇ ಮೇಡಂ ನಮ್ ಕೆಂಚಣ್ಣ. ಕೂತ್ಕಂಡು ತೋರ್ಸಪ್ಪ."

ಕೆಂಚಣ್ಣ ಆಗತಾನೆ ಎರಡನೇ ಸಲದ ಮಂಡಕ್ಕಿ ಮುಗಿಸಿ ಬಂದಿದ್ದ. ಬೇರೆ ದಾರಿ ಇರಲಿಲ್ಲ. ಗುಂಡಿಯ ಅಂಚಿಗೆ ಕೂತು ಉಸಿರು ಎಳೆದುಕೊಂಡು ಕಾಲು ಇಳಿಸಿದ. ಒಳಗೇನೋ ಹೋದ. ಉಸಿರು ಬಿಟ್ಟ ಕೂಡಲೇ ಹೊಟ್ಟೆ ತನ್ನ ಜಾಗಕ್ಕೆ ವಾಪಸು ಬಂತು. ಅಲ್ಲಿ ದಿಂಡು ಇತ್ತು. ಲಾಳಿ ಓಡಿಸಿದ, ಹಣಿಗೆಗೆ ಕೈ ಚಾಚಿದ. ಕೈ ಎಟಕಲಿಲ್ಲ. ಜೋರು ಮಾಡಿ ಬಾಗಿದ. ಪಟಪಟನೆ ನಾಲ್ಕು ಎಳೆ ಹರಿದವು. ಏಳಲು ನೋಡಿದ. ಏಳಲೂ ಆಗಲಿಲ್ಲ. ಬಾಲರಾಜ್ ಒಂದು ತೋಳು, ಹೊನ್ನಕ್ಕ ಒಂದು ತೋಳು ಹಿಡಿದು, ಬಾವಿಗೆ ಬಿದ್ದ ಕೊಡ ಎತ್ತಿದ ಹಾಗೆ ಅವನನ್ನು ಮೇಲಕ್ಕೆ ಎಳೆದುಹಾಕಿದರು.

"ಈ ಮಗ್ಗ ಯಾಕೋ ಇವತ್ತು ಸರಿ ಇಲ್ಲ" ಎಂದ ಕೆಂಚಣ್ಣ, ನೆಲದ ಮೇಲೆ ಕೂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಾಲತಿ ಕೈಯಲ್ಲಿದ್ದ ಸೀರೆಯನ್ನು ನೋಡಿದರು, ಕೆಂಚಣ್ಣನನ್ನು ನೋಡಿದರು. "ಹಾಗಾದರೆ ಇದನ್ನು ನೇಯ್ದದ್ದು?"

ಹೊನ್ನಕ್ಕ ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದಳು, ಅಷ್ಟೇ. ಅವಳು ಬಾಯಿ ಬಿಟ್ಟಿದ್ದರೆ ಕೆಂಚಣ್ಣ ಜಗಳಕ್ಕೆ ನಿಲ್ಲಬಹುದಿತ್ತು. ಅವಳು ಬಿಡಲಿಲ್ಲ. ಇಷ್ಟಾದ ಮೇಲೂ ಇವಳು ನನ್ನ ಮಾನ ಕಾಯುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು. ನಾಚಿಕೆ ಕಾಲಿನಿಂದ ನೆತ್ತಿಯವರೆಗೂ ಏರಿತು.

"ನಾನಲ್ಲ" ಎಂದ. "ಅದು ಪೂರಾ ಅವಳ್ದೇ. ನಾನು ನೇಯ್ದಿದ್ದನ್ನೂ ಬಿಚ್ಚಿ ಮತ್ತೆ ನೇಯ್ದಾಳೆ. ನಾನು ಮಿರ್ಚಿ ತಿನ್ನಾಕೆ ಹೋಗ್ತಿದ್ದೆ. ಅವಳು ನೇಯ್ತಿರೋದ ಕಂಡೂ ಕಾಣ್ದಂಗೆ ಹೋಗಿದೀನಿ."

ಹೊನ್ನಕ್ಕ ಕೊನೆಯ ಗಂಟು ಬಿಗಿದು, ಸೆರಗು ಸಿಕ್ಕಿಸಿ, ಗುಂಡಿಗೆ ಇಳಿದಳು. ಮಾವನ ಫೋಟೋ ಎದುರಿಗೇ ಇತ್ತು. ಫೋಟೋ ಏನೂ ಅನ್ನಲಿಲ್ಲ. ಮಗ್ಗ ನಡೆಯಿತು.

ಮಾಲತಿ ಅವಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ಇಷ್ಟು ಹೊತ್ತು ಒಂದೇ ಸಮ ಹೇಗೆ ಬಡೀತೀರಿ? ಬಾಲರಾಜ್ ಹೇಳಿದ್ರಲ್ಲ, ಆ ಪುಡಿ ಕುಡೀತೀರಾ?"

"ಪುಡಿ ಅಂತಲ್ಲ ಮೇಡಂ" ಎಂದಳು ಹೊನ್ನಕ್ಕ, ಕೈ ನಿಲ್ಲಿಸದೆ. "ಇವರು ಬಿಟ್ಟು ಹೋಗ್ತಿದ್ರು, ದುಡ್ಡು ಕೊಟ್ಟಿದ್ದು ಚೆಲ್ಲಬಾರ್ದು ಅಂತ ನಾನು ಕುಡ್ದೆ. ಜೊತೆಗೆ ಒಂದು ಹಿಡಿ ಶೇಂಗಾ. ಬೆಳಿಗ್ಗೆ ಏಳಕ್ಕೆ ಹೊಟ್ಟೆಗೆ ಏನಾರ ಬಿದ್ರೆ ಕೈ ನಡುಗಲ್ಲ ಅಂತ ಆಗ್ಲೇ ಗೊತ್ತಾಗಿದ್ದು."

"ಮೊದಲು ತಿಂಡಿ ತಿಂತಿರಲಿಲ್ವಾ?"

"ತಿಂತಿದ್ದೆ. ಇವರ್ದಾಗಿ, ಮಗಳ ಡಬ್ಬಿ ಆಗಿ, ಪಾತ್ರೆ ತೊಳ್ದು, ಹತ್ತೂವರೆಗೆ. ಉಳಿದಿದ್ರೆ."

ಅವಳು ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಯಾರೋ ಕೇಳಿದರು, ಹೇಳಿದಳು. ಕೆಂಚಣ್ಣ ಮಾತ್ರ ಆ "ಉಳಿದಿದ್ರೆ" ಎಂಬಲ್ಲೇ ನಿಂತುಬಿಟ್ಟ. ಸಾವ್ಕಾರ ಬಂದು ಹೋದ ದಿನ ತಾನು ತಿಂದು ಮುಗಿಸಿದ ಉಪ್ಪಿಟ್ಟು ಯಾರದ್ದು ಎಂದು ಅವನಿಗೆ ಈಗ ಗೊತ್ತಾಯಿತು. ಯಾರ ತಟ್ಟೆಯಲ್ಲಿ ಏನಿದೆ ಎಂದು ಸೀರೆಯಲ್ಲಿ ಓದುವ ಬಾಲರಾಜನೂ ಖಾಲಿ ತಟ್ಟೆಯನ್ನು ಓದಿರಲಿಲ್ಲ.

"ರೇಷ್ಮೆ ಇಲ್ಲೇ ಇರ್ಲಿ" ಎಂದ ಬಾಲರಾಜ್ ಹೊರಡುವಾಗ. "ಆದ್ರೆ ಗುಂಡಿಗೆ ನೀನು ಇಳೀಬ್ಯಾಡ ಕೆಂಚಣ್ಣ."

ಮರುದಿನದಿಂದ ಒಲೆ ಕೆಂಚಣ್ಣನ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ. ಹೊನ್ನಕ್ಕ ಏಳಕ್ಕೆ ಮಗ್ಗಕ್ಕೆ ಕೂತರೆ ಬೇರೆ ಯಾರು ಮಾಡಬೇಕು? ಮೊದಲ ದಿನ ಉಪ್ಪಿಟ್ಟು ಗಂಟಾಯಿತು, ಎರಡನೇ ದಿನ ಗಂಜಿಯಾಯಿತು. ಮೂರನೇ ದಿನ ಪರವಾಗಿಲ್ಲ ಅನ್ನುವ ಹಾಗಾಯಿತು. ಹೊನ್ನಕ್ಕನಿಗೆ ಒಂದು ತಟ್ಟೆ, ಜೊತೆಗೆ ಪುಡಿಯ ಲೋಟ. ಸೌಂದರ್ಯಳಿಗೆ ಒಂದು ತಟ್ಟೆ, ಒಂದು ಡಬ್ಬಿ, "ಅಪ್ಪ ಮಾಡಿದ್ದು ಅಂತ ನಮ್ ಫ್ರೆಂಡ್ಸಿಗೂ ತೋರಿಸ್ಬೇಕು" ಎಂದು ಇನ್ನೊಂದು ಡಬ್ಬಿ. ಪಾತ್ರೆ ತೊಳೆದು, ಕಸ ಗುಡಿಸಿ, ಕಂಡಿಕೆ ಸುತ್ತಿಟ್ಟು ಗಡಿಯಾರ ನೋಡಿದರೆ ಹತ್ತೂ ಇಪ್ಪತ್ತು. ಬಾಣಲೆಯಲ್ಲಿ ತಳ ಹಿಡಿದ ಸೀಕು ಒಂದು ಹಿಡಿ. ಮೂಗಮ್ಮನ ಹತ್ತಿರ ಹೋಗೋಣವೆಂದರೆ ಒಲೆಯ ಮೇಲೆ ಅಕ್ಕಿ.

ಎರಡು ತಿಂಗಳಲ್ಲಿ ಅವನ ಪ್ಯಾಂಟು ಜಾರತೊಡಗಿತು. ಪುಡಿ ಮುಗಿಯಿತೆಂದು ಇನ್ನೊಂದು ಡಬ್ಬಿಗೆ ಹೋದರೆ ಮಲ್ಲಿಕ್ ಕಣ್ಣರಳಿಸಿದ. "ವಾಹ್ ಕಾಕಾ! ಯಾವ ಡಯಟ್ ಇದು?"

"ಎಲ್ಲಾರಿಗೂ ಬಡ್ಸಿ ಆಮ್ಯಾಲೆ ತಿನ್ನೋ ಡಯಟ್. ನಮ್ ಮನೇಲಿ ಇಪ್ಪತ್ತೆರಡು ವರ್ಷದಿಂದ ನಡೀತಿತ್ತು, ನಂಗೆ ಗೊತ್ತಿರ್ಲಿಲ್ಲ."

ಮಲ್ಲಿಕ್ ನಗಲಿಲ್ಲ. "ಅದು ಡಯಟ್ ಅಲ್ಲ ಕಾಕಾ, ಅರೆಹೊಟ್ಟೆ. ಹಂಗೆ ತೂಕ ಇಳಿಸಿದ್ರೆ ಮೈಯಾಗಿನ ಕಸುವೂ ಇಳೀತೈತೆ. ಈ ಡಬ್ಬಿನೂ ಬ್ಯಾಡ, ದುಡ್ಡು ಉಳಿಸ್ರಿ. ಮೊಳಕೆ ಹೆಸರುಕಾಳು, ಮೊಸರು, ಒಂದೆರಡು ಮೊಟ್ಟೆ. ಇಬ್ರೂ ಹೊತ್ತಿಗೆ ಸರಿಯಾಗಿ ತಿನ್ರಿ."

ಮರುದಿನ ಬೆಳಿಗ್ಗೆ ಹೊನ್ನಕ್ಕ ನಲ್ಲಿಗೆ ನೀರು ಬಂತೆಂದು ಹೊರಗೆ ಹೋಗಿದ್ದಳು. ಮಗ್ಗದಲ್ಲಿ ಮಾಲತಿಯವರ ನಾಲ್ಕನೇ ಸೀರೆ ಅರ್ಧವಾಗಿತ್ತು. ಕೆಂಚಣ್ಣ ಕೈ ಒರೆಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಗುಂಡಿಗೆ ಕಾಲು ಇಳಿಬಿಟ್ಟ. ದಿಂಡಿಗೂ ಹೊಟ್ಟೆಗೂ ನಡುವೆ ನಾಲ್ಕು ಬೆರಳು ಜಾಗ. ಹಣಿಗೆ ತಾನಾಗಿ ಕೈಗೆ ಬಂತು. ಅಪ್ಪ ಸತ್ತ ಮೇಲೆ ಈ ಮಗ್ಗದಲ್ಲಿ ಇಷ್ಟು ಹಗುರಾಗಿ ಕೂತ ನೆನಪಿರಲಿಲ್ಲ. ಗುಂಡಿ ಮತ್ತೆ ಅವನದಾಗಬಹುದಿತ್ತು. ಲಾಳಿ ಎತ್ತಿಕೊಂಡ.

ಕಣ್ಣ ಮುಂದೆ ಹೊನ್ನಕ್ಕನ ಬಟ್ಟೆ ಇತ್ತು. ಅವನು ಅಂಗೈ ಆಡಿಸಿದ. ಎಲ್ಲೂ ತಡೆಯಲಿಲ್ಲ. ಒಂದೇ ಒಂದು ಎಳೆ ತಾನು ಹಾಕಿದರೂ ಅಲ್ಲಿಂದಾಚೆ ಕೈ ಬದಲಾದದ್ದು ಕಾಣುತ್ತದೆ. ಬಾಲರಾಜನ ಉಗುರು ಬೇಕಿಲ್ಲ, ತನ್ನದೇ ಸಾಕು.

ತಲೆ ಎತ್ತಿದರೆ ಬಾಗಿಲಲ್ಲಿ ಹೊನ್ನಕ್ಕ, ಸೊಂಟದಲ್ಲಿ ಬಿಂದಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಿಂದಿಗೆ ಇಳಿಸಲಿಲ್ಲ.

"ಹೊಟ್ಟೆ ಹಿಡಿಸ್ತಲ್ಲ ಈಗ" ಎಂದಳು. ದನಿ ಒಣಗಿತ್ತು. "ನೇಯ್ರಿ. ನಿಮ್ ಮಗ್ಗ."

ಕೆಂಚಣ್ಣ ಲಾಳಿಯನ್ನು ಇದ್ದಲ್ಲೇ ಇಟ್ಟು ಮೇಲೆದ್ದ. ಈ ಸಲ ಯಾರೂ ಎಳೆಯಬೇಕಾಗಲಿಲ್ಲ.

"ಮಗ್ಗ ನಮ್ಮಪ್ಪಂದು, ಸೀರೆ ನಿಂದು. ನೀನೇ ಮುಗ್ಸು" ಎಂದ. "ತಿಂಡಿ ಆಗೈತೆ, ಮೊದ್ಲು ತಿನ್ನು."

ಹೊನ್ನಕ್ಕ ಬಿಂದಿಗೆ ಇಳಿಸಿ ಒಳಗೆ ಹೋಗಿ ಎರಡು ತಟ್ಟೆ ತಂದು ಎದುರುಬದುರು ಇಟ್ಟಳು.

"ನೀವೂ ಕೂತ್ಕಳ್ರಿ" ಎಂದಳು. "ತಣ್ಣಗಾದ್ರೆ ನಿಮ್ ಉಪ್ಪಿಟ್ಟು ನಾಯೀನೂ ಮೂಸಲ್ಲ."